ಹೊರಗಿದ್ದವಳ ಕೀ

ಮುನಿಶಾಮಿ ತಣ್ಣಗಾಗಿದ್ದ ಹೆಬ್ಬೆರಳನ್ನು ಟವೆಲಿನ ತುದಿಯಿಂದ ಒರೆಸಿ ಫೋನಿನ ಮೇಲೆ ಒತ್ತಿದ. ಫೋನು ಒಮ್ಮೆ ನಡುಗಿ ಸುಮ್ಮನಾಯಿತು.

"ಇನ್ನೊಂದ್ಸಲ ಒತ್ತಿ ಮಾವ," ಎಂದಳು ಸಂಘಮಿತ್ರಾ ಸೋದರಮಾವನಿಗೆ.

"ಬೆರಳು ತಗೊಳ್ತಿಲ್ಲ ಕಣಮ್ಮ. ಲಾಕಿನ ನಂಬರ್ರೇ ಕೇಳ್ತಿದೆ."

ಆಸ್ಪತ್ರೆಯಲ್ಲಿ ಎರಡು ದಿನ ಆಫ್ ಆಗಿದ್ದ ಫೋನು. ಹಾಗೆ ಆಫ್ ಆಗಿ ಆನ್ ಆದ ಮೇಲೆ ಅದು ಬೆರಳಿಗೆ ಒಪ್ಪುವುದಿಲ್ಲ ಎಂದು ಆ ಮನೆಯಲ್ಲಿ ತಿಳಿದಿದ್ದವನು ಮುನಿರಾಜು ಒಬ್ಬನೇ. ಅವನು ನಡುಮನೆಯ ಚಾಪೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

ಸಂಘಮಿತ್ರಾ ಅಪ್ಪನ ಕೈಯನ್ನು ಎದೆಯ ಮೇಲೆ ಮೊದಲಿನಂತೆ ಇಟ್ಟಳು. ಮೂರು ವರ್ಷದ ಹಿಂದೆ ತೀರಿಕೊಂಡ ಅಮ್ಮ ಆದಿಲಕ್ಷ್ಮಿಯ ದನಿ ಉಳಿದಿದ್ದು ಆ ಫೋನಿನಲ್ಲಿ ಮಾತ್ರ. 'ರೀ, ಬರ್ತಾ ಕೊತ್ತಂಬ್ರಿ ತನ್ನಿ, ಹೋದ್ಸಲದ ಥರ ಬಾಡಿದ್ದಲ್ಲ.' ದಿನಾ ಕಾಫಿ ಕುಡಿಯುತ್ತ ಮುನಿರಾಜು ಅವಳ ಅಂಥ ಒಂದು ವಾಯ್ಸ್ ಮೆಸೇಜ್ ಹಾಕಿ ಕೇಳುತ್ತಿದ್ದ. ಅಮ್ಮನ ಫೋನನ್ನು ಎಂದೋ ಎಕ್ಸ್‌ಚೇಂಜಿಗೆ ಕೊಟ್ಟಾಗಿತ್ತು.

"ಹುಟ್ಟಿದ್ ದಿನ ಹಾಕಿ ನೋಡು," ಎಂದ ಪಕ್ಕದ ಮನೆಯ ಮುತ್ತುರಾಜ್.

ಶಿವಾಜಿನಗರದಲ್ಲಿ ಬ್ಯಾಗಿನ ಅಂಗಡಿ ಇಟ್ಟಿದ್ದ, ಮುನಿರಾಜುವಿನ ಹಳೆಯ ಗೆಳೆಯ ಅಹ್ಮದ್ ಪಾಷಾ ಬೇಡವೆಂದು ಕೈಯಾಡಿಸಿದ.

"ಹುಟ್ಟಿದ್ ದಿನಾನಾ? ನಾನು ಹಾಗೆ ಹಾಕ್ಕೊಂಡಿದ್ದಕ್ಕೆ ಗಿರಾಕಿಗಳ ಮುಂದೇನೇ ಉಗಿದಿದ್ದ. ಇದು ಬೀಗ ಅಲ್ಲ ಪಾಷಾ, ಬಾಗ್ಲಿಗೆ ದಾರ ಕಟ್ದಂಗೆ ಅಂತ. ಕೂತ್ಕೊಂಡು ಪಾಸ್‌ವರ್ಡೆಲ್ಲ ಒಂದೇ ಕಡೆ ಬಚ್ಚಿಡೋ ಆಪ್ ಹಾಕ್ಕೊಟ್ಟ. ಆಮೇಲೆ ಬಸ್ಸಿಂದು, ಗ್ಯಾಸಿಂದು, ಮಾತ್ರೆ ನೆನಪು ಮಾಡೋದು. ಈಗ ನನ್ ಫೋನಲ್ಲಿ ನನಗೇ ಜಾಗ ಇಲ್ಲ."

ಬಾಗಿಲ ಬಳಿ ಯಾರೋ ನಕ್ಕು, ತಡೆದುಕೊಂಡರು.

"ನಾನು ಹೋದ್ರೆ ನಮ್ಮ ಮಗಳು ಸಾಲೇಹಾ ಎಲ್ಲಾ ತೆಗೀಬಹುದು. ಆ ಆಪಲ್ಲಿ ಅವಳ ಹೆಸರು ಹಾಕ್ಸೋವರ್ಗೂ ಅವನು ಬಿಡ್ಲಿಲ್ಲ," ಎಂದ ಪಾಷಾ. "ಹಂಗಿದ್ಮೇಲೆ ಅವನದು ನಿನ್ ಹೆಸರಲ್ಲೇ ಇರ್ಬೇಕಲ್ಲ ಬೇಟಿ?"

ಸಂಘಮಿತ್ರಾ ಹೊರಗೆ ಶಾಮಿಯಾನ ಕಟ್ಟುತ್ತಿದ್ದವರನ್ನು ನೋಡುತ್ತ ನಿಂತಳು.

*

ಮುನಿರಾಜು ದೊಮ್ಮಲೂರಿನ ಕಚೇರಿಗಳಲ್ಲಿ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಯುಗಾದಿಯ ಮಾರನೆಯ ದಿನ ಕೆ.ಆರ್. ಪುರದ ಮಗಳ ಮನೆಗೆ ಬಂದಿದ್ದಾಗ, ಅವಳು ಲ್ಯಾಬಿನ ಕೆಲಸಕ್ಕೆ ಹೊರಟು ಚಪ್ಪಲಿ ಹುಡುಕುತ್ತಿದ್ದಳು.

"ಸಂಘಾ, ಪಾಸ್‌ವರ್ಡ್ ಆಪಿಂದ ಒಂದು ಮೆಸೇಜ್ ಕಳ್ಸಿದೀನಿ. ಒತ್ತಿ ಸರಿ ಅನ್ನು, ಅಷ್ಟೇ. ನಾಳೆ ನಾನು ಮಾತಾಡಕ್ಕಾಗ್ದೆ ಬಿದ್ಕೊಂಡ್ರೆ ನೀನು ಆಪಲ್ಲಿ ಕೇಳಿದ ಎರಡು ದಿನಕ್ಕೆ ನನ್ ಪಾಸ್‌ವರ್ಡೆಲ್ಲ ನಿಂಗೆ ಸಿಗತ್ತೆ. ಫೋನಿನ ಲಾಕ್ ನಂಬರೂ ಅದ್ರಲ್ಲೇ ಇದೆ."

"ಬೆಳಿಗ್ಗೆ ಬೆಳಿಗ್ಗೆ ನಿನ್ ಆಪ್ ಪುರಾಣ ಶುರು ಮಾಡ್ಬೇಡಪ್ಪ."

"ಲಿಫ್ಟಲ್ಲಿ ಸಿಕ್ಕಾಕೊಂಡೋರು ಒಳಗಿಂದ ಎಷ್ಟು ಒದ್ರೂ ಬಾಗ್ಲು ತೆಗ್ಯಲ್ಲಮ್ಮ. ಹೊರಗಿರೋರ ಹತ್ರ ಕೀ ಇರ್ಬೇಕು."

"ಆಮೇಲೆ ಒತ್ತುತೀನಿ, ಬಿಡಪ್ಪ."

ಒಂದು ತಿಂಗಳಿಗೆ ಮತ್ತೆ ಕಳಿಸಿದ. ಅವಳು ಹೆಬ್ಬೆಟ್ಟಿನ ಚಿತ್ರ ಹಾಕಿ, ಅವನ ಮೆಸೇಜುಗಳು ಸದ್ದು ಮಾಡದಂತೆ ಮಾಡಿದಳು. ದಿನಕ್ಕೊಂದು ಆಪಿನ ವಿವರ ಓದುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಮೂರನೆಯ ಸಲ ಕಳಿಸಿದಾಗ ಅವನು ಜೊತೆಗೆ ಏನನ್ನೂ ಬರೆದಿರಲಿಲ್ಲ.

*

ಕಲ್ಪಳ್ಳಿಯ ಸ್ಮಶಾನದಲ್ಲಿ ಬೌದ್ಧ ಭಿಕ್ಷು ಭಂತೇಜಿ ತ್ರಿಸರಣದ ಪ್ರಾರ್ಥನೆ ಹೇಳಿ ಮುಗಿಸಿದರು. ದೇಹವನ್ನು ಗುಣಿಗಿಳಿಸಿದ ಹಗ್ಗ ಸಡಿಲವಾಯಿತು.

"ಮೂರು ಹಿಡಿ ಹಾಕಮ್ಮ," ಎಂದ ಮುನಿಶಾಮಿ.

ಅವಳು ಹಾಕಿದಳು. ಅವಳ ಹಿಂದೆ ಪಾಷಾ ಹಾಕಿದ. "ಹೆಸರು ಹಾಕ್ಸೋಕೆ ಏನೂ ಕಷ್ಟ ಇರ್ಲಿಲ್ಲ, ಒಂದ್ ನಿಮಿಷದ ಕೆಲ್ಸ," ಎಂದ ಯಾರಿಗೋ, ಮೆಲ್ಲಗೆ. ತನಗಲ್ಲ ಎಂದು ಗೊತ್ತಿದ್ದರೂ ಸಂಘಮಿತ್ರಾ ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು.

ಬ್ಯಾಗಿನಿಂದ ತನ್ನ ಫೋನು ತೆಗೆದು ಅಪ್ಪನ ಮೆಸೇಜುಗಳನ್ನು ಹಿಂದಕ್ಕೆ ಸರಿಸಿದಳು. ಕರೆಂಟ್ ಬಿಲ್ಲಿನ ಆಪ್, ರಕ್ತದ ಗುಂಪು ಬರೆದಿಡುವ ಆಪ್, ಮೆಟ್ರೋ ಟಿಕೆಟ್. ನಡುವೆ ಎಲ್ಲೋ, ಅವನು ಒತ್ತು ಎಂದಿದ್ದ ಆ ಲಿಂಕಿನ ನೀಲಿ ಅಕ್ಷರಗಳು. ಮಣ್ಣಿನ ಬೆರಳಲ್ಲೇ ಒತ್ತಿದಳು.

'ಈ ಆಹ್ವಾನದ ಅವಧಿ ಮುಗಿದಿದೆ. ಮತ್ತೊಮ್ಮೆ ಕಳಿಸುವಂತೆ ಕಳಿಸಿದವರನ್ನು ಕೇಳಿ.'

"ಬಾಮ್ಮ, ಮೇಣದಬತ್ತಿ ಹಚ್ಬೇಕು," ಮುನಿಶಾಮಿ ಕರೆದ.

ಗುಣಿ ತುಂಬಿತ್ತು. ಇಬ್ಬರು ಸಲಿಕೆಯ ಬೆನ್ನಿನಿಂದ ಮಣ್ಣನ್ನು ತಟ್ಟಿ ತಟ್ಟಿ ಗಟ್ಟಿ ಮಾಡುತ್ತಿದ್ದರು. ಸಂಘಮಿತ್ರಾ ಫೋನಿನ ಗಾಜಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿ, ಆ ನೀಲಿ ಅಕ್ಷರಗಳನ್ನೇ ಇನ್ನೊಮ್ಮೆ ಒತ್ತಿದಳು.