ಅಮೀರ ನಸೀರಖಾನ ಸತ್ತ ಬಗೆ

ಗುಲಾಮನ ಪಾತ್ರ ಯಾರಿಗೂ ಬೇಡವಾಗಿತ್ತು. ವಡಾಲದ ಕನ್ನಡ ಸಂಘದ ವರ್ಷದ ನಾಟಕಕ್ಕೆ ಪಾತ್ರ ಹಂಚುವ ದಿನ, ಸುಲ್ತಾನ, ಸೇನಾಪತಿ, ಕೋತವಾಲ ಎಂದ ಕೂಡಲೇ ಎದೆಯುಬ್ಬಿಸಿ ಎದ್ದು ನಿಲ್ಲುತ್ತಿದ್ದ ಗಂಡಸರೆಲ್ಲ, ಭೀಮರಾಯ ಮಾಸ್ತರರು “ಗುಲಾಮ ಯಾಕೂತ” ಎಂದು ಕೂಗಿದಾಗ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು. ಹೆಂಡತಿ ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿರುವಾಗ ಸಂತೆಯ ಎತ್ತಿನಂತೆ ಮಾರಾಟಕ್ಕೆ ನಿಲ್ಲುವುದೆಂದರೆ ಯಾರಿಗೆ ತಾನೇ ಬೇಕು? ಕೊನೆಗೆ ಲಾದಿ ಕಂತ್ರಾಟುದಾರ ಗುರಲಿಂಗಪ್ಪ, ಪೆಂಡಾಲಿನ ಖರ್ಚು ಹೊತ್ತು ಆಗಲೇ ಅಮೀರ ನಸೀರಖಾನನ ಪಾತ್ರ ಗಿಟ್ಟಿಸಿಕೊಂಡಿದ್ದವನು, ತನ್ನ ಪಕ್ಕದಲ್ಲಿ ಕೂತವನ ಕೈ ಹಿಡಿದು ಮೇಲೆತ್ತಿದ.

“ನಮ್ಮ ಮುಬಾರಕ ಮಾಡ್ತಾನ, ಬರಕೋರಿ.”

ಮುಬಾರಕನನ್ನು ಯಾರೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಮುಬಾರಕನಿಗೂ ಅನ್ನಿಸಲಿಲ್ಲ. ಅವನ ವಿಷಯಗಳೆಲ್ಲ ಹಾಗೆಯೇ ತೀರ್ಮಾನವಾಗುತ್ತ ಬಂದಿದ್ದವು.

ಮೀಸೆ ಮೂಡುವ ವಯಸ್ಸಿನಲ್ಲಿ ಅವನನ್ನು ಇಂಡಿ ಕಡೆಯ ಹಳ್ಳಿಯಿಂದ ಮುಂಬಯಿಗೆ ಕರೆತಂದವನು ಗುರಲಿಂಗಪ್ಪ. ಟೈಲ್ಸಿಗೆ ಈ ಊರಿನಲ್ಲಿ ಲಾದಿ ಅನ್ನುತ್ತಾರೆ ಎಂಬುದರಿಂದ ಹಿಡಿದು, ಮೂಲೆಯ ಲಾದಿಯನ್ನು ಒಡೆಯದಂತೆ ಕತ್ತರಿಸುವವರೆಗೆ ಎಲ್ಲ ಕಲಿಸಿದವನೂ ಅವನೇ. ಅವನ ಹೆಂಡತಿ ಕಸ್ತೂರಿಬಾಯಿ ಮುಬಾರಕನನ್ನು ಸ್ವಂತ ಮಗನ ಹಾಗೆ ನೋಡಿಕೊಂಡಳು. ರಮಜಾನ ಬಂದರೆ ನಸುಕಿನ ಸಹರಿಯ ಊಟಕ್ಕೆ ಅವನಿಗಿಂತ ಮುಂಚೆ ಎದ್ದು ರೊಟ್ಟಿ ಬಡಿಯುತ್ತಿದ್ದವಳು ಅವಳು. ಗುಲಾಫಶಾಳ ಜೊತೆ ನಿಕಾಹ್ ಗೊತ್ತು ಮಾಡುವಾಗಲೂ ಈ ಲಿಂಗಾಯತ ದಂಪತಿಗಳೇ ಹುಡುಗನ ಕಡೆಯವರಾಗಿ ಹೋಗಿ ಗತ್ತಿನಿಂದ ಕೂತು ಚಹಾ ಕುಡಿದು ಬಂದಿದ್ದರು. ಮುಬಾರಕ ಅವರನ್ನು ಕಾಕಾ, ಕಾಕು ಎಂದು ಕರೆಯುತ್ತಿದ್ದ. ಮನೆಯ ಮಗನೇ ಆದ ಮೇಲೆ ಹೊರಡುತ್ತೇನೆ ಎನ್ನುವುದು ಹೇಗೆ? ತೊಡಕಿದ್ದದ್ದು ಅಲ್ಲಿಯೇ.

ಹೊರಡುವ ಕಾಲವಂತೂ ಬಂದಿತ್ತು. ವಿಲೆ ಪಾರ್ಲೆಯ ಒಂದು ಹಳೆಯ ಬಿಲ್ಡಿಂಗಿನವರು ಎಲ್ಲ ಮನೆಗಳ ಬಚ್ಚಲನ್ನೂ ಹೊಸದಾಗಿ ಮಾಡಿಸಲು ಹೊರಟಿದ್ದರು. ಅಲ್ಲಿಯ ಸೊಸೈಟಿಯ ಸೆಕ್ರೆಟರಿ ರಾಧಿಕಾ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಮುಬಾರಕ ತಮ್ಮ ಅಡುಗೆಮನೆಗೆ ಹಚ್ಚಿದ ಲಾದಿಯ ಮೇಲೆ ಬೆರಳು ಓಡಿಸಿ ನೋಡಿದ ದಿನವೇ ಅವಳು ಈ ಕೆಲಸ ಇವನಿಗೇ ಎಂದು ಮನಸ್ಸು ಮಾಡಿದ್ದಳು.

“ಕಾಂಟ್ರಾಕ್ಟ್ ನಿಮ್ಮ ನೇಮ್‌ನಲ್ಲೇ ಬೇಕು ಮುಬಾರಕ್ ಭಾಯ್. ನಿಮ್ಮ ಸೇಠ್ ಅಲ್ಲ, ನೀವು. ಟೂ ವೀಕ್ಸ್ ಬಿಟ್ಟು ಸಂಡೇ ನಿಮ್ಮ ನಾಟಕ ನೋಡೋಕೆ ಬರ್ತೇನಲ್ಲಾ, ಅವತ್ತು ಹಾಂ ಅಥವಾ ನಾ ಹೇಳಿ. ಇಲ್ಲಾಂದ್ರೆ ಕಮಿಟಿ ದೂಸ್ರಾ ಆದ್ಮಿ ನೋಡ್ತದೆ.”

ಆ ದಿನದಿಂದ ಗುಲಾಫಶಾ ದಿನಾ ಸಂಜೆ, ಕಾಕಾನಿಗೆ ಹೇಳಿದಿರಾ ಎಂದು ಬಾಗಿಲಲ್ಲೇ ಕೇಳುತ್ತಿದ್ದಳು: “ಬೋಲೆ ಕ್ಯಾ ಕಾಕಾ ಕೂ?” ಮುಬಾರಕ ಕೈಕಾಲು ತೊಳೆಯುವ ನೆಪ ಮಾಡಿ ನಲ್ಲಿಯ ಕಡೆ ಜಾರುತ್ತಿದ್ದ. ಇಡೀ ಗೋಡೆಗೆ ಲಾದಿಯನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಹಚ್ಚಬಲ್ಲವನ ಬಾಯಲ್ಲಿ ಒಂದು ವಾಕ್ಯ ನೆಟ್ಟಗೆ ನಿಲ್ಲುತ್ತಿರಲಿಲ್ಲ. ದಿನವೂ ತಾಲೀಮಿಗೆ ಹೋಗಿ ಗುಲಾಮನಾಗಿ ಮಂಡಿಯೂರುವುದು ಅವನಿಗೆ ಅದಕ್ಕಿಂತ ಸುಲಭವಾಗಿತ್ತು.

ನಾಟಕ ಬರೆದವರು ಭೀಮರಾಯ ಮಾಸ್ತರರೇ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಪಾಠ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ಕಥೆ ಅವರು ಕಟ್ಟಿದ್ದು, ಅದರ ಹಿಂದಿನ ಕಾಲ ಮಾತ್ರ ನಿಜದ್ದು. ಹಬಶಿಗಳ ನಾಡಿನ ಒಬ್ಬ ಕ್ರಿಶ್ಚನ್ ಹುಡುಗನನ್ನು ಕದ್ದು, ಕಡಲು ದಾಟಿಸಿ, ಕೈಯಿಂದ ಕೈಗೆ ಮಾರುತ್ತ ದಖ್ಖನಿಗೆ ತರುತ್ತಾರೆ. ಬಿಜಾಪುರದ ಅಮೀರನೊಬ್ಬ ಕೊಳ್ಳುತ್ತಾನೆ. ಅವನಿಗೆ ಯಾಕೂತ, ಅಂದರೆ ಮಾಣಿಕ್ಯ, ಎಂದು ಹೆಸರಿಡುತ್ತಾನೆ.

“ಗುಲಾಮರಿಗೆ ಹರಳಿನ ಹೆಸರು, ಸುಗಂಧದ ಹೆಸರು ಇಡೂ ರೂಢಿ ಇತ್ತು,” ಎಂದು ಮಾಸ್ತರರು ತಾಲೀಮು ನಿಲ್ಲಿಸಿ ಹೇಳುತ್ತಿದ್ದರು. “ಅತ್ತ ಇಟಲಿ ಕಡೆ ಕ್ರಿಶ್ಚನ್ ವ್ಯಾಪಾರಿಗಳ ಮನ್ಯಾಗೂ ಗುಲಾಮರಿದ್ರು, ಹೆಣ್ಣಮಕ್ಕಳೇ ಹೆಚ್ಚು. ಬಿಡುಗಡಿ ಆದ್ರೂ ಅವರು ಅಡಗಿಮನಿ ದಾಟಿ ಮ್ಯಾಲ ಬರೂದು ಕಷ್ಟ. ನಮ್ಮ ದಖ್ಖನ್‌ನಾಗ ಖಡ್ಗ ಹಿಡದ ಗುಲಾಮ ವಜೀರನೂ ಆಗಬಹುದಿತ್ತು. ಹಂಗಂತ ಭಾಳ ಹಿಗ್ಗಬ್ಯಾಡ್ರಿ, ಒಬ್ಬ ವಜೀರ ಆದ್ರ ಎಷ್ಟೋ ಮಂದಿ ಹೆಸರಿಲ್ಲದ ಸತ್ತರು. ಇನ್ನ ಈ ಎರಡೂ ಕಡೆ ಒಂದು ಮಾತು ಮಾತ್ರ ಒಂದೇ. ಮಾಲಕ ಸಾಯೂ ಮುಂದ ಗುಲಾಮನ್ನ ಬಿಟ್ಟರ ಆತ್ಮಕ್ಕ ಪುಣ್ಯ ಅಂತಿದ್ರು. ಗಟ್ಟಿ ಇದ್ದಾಗ ಆ ಪುಣ್ಯದ ನೆನಪು ಭಾಳ ಮಂದಿಗೆ ಬರ್ತಿದ್ದಿಲ್ಲ!”

ಹಾಗಾಗಿ ಮಾಸ್ತರರ ಮೊದಲ ಬರಹದಲ್ಲಿ ಅಮೀರ ಸಾಯುತ್ತಿದ್ದ, ಅವನ ಬೇಗಂ ಯಾಕೂತನನ್ನು ಬಿಡುಗಡೆ ಮಾಡುತ್ತಿದ್ದಳು. ಬೇಗಂ ಆಗಿದ್ದವಳು ಕಸ್ತೂರಿಬಾಯಿ. ಬಾಡಿಗೆ ನಟಿ ಕೈಕೊಟ್ಟಿದ್ದರಿಂದ ಸೆರಗು ಸಿಕ್ಕಿಸಿ ಮುಂದೆ ಬಂದಿದ್ದ ಗಟ್ಟಿಗಿತ್ತಿ, ಆದರೆ ಈ ಜಾಗಕ್ಕೆ ಬಂದದ್ದೇ ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ.

“ಇದೊಂದು ನನ್ನ ಕಡಿಂದ ಆಗಂಗಿಲ್ರಿ ಮಾಸ್ತರ್ರ. ಗಂಡನ್ನ ಎದುರಿಗೆ ಇಟಗೊಂಡು ಸತ್ತಾನ ಅಂತ ನನ್ನ ಬಾಯಿಲೆ ಅನ್ನಂಗಿಲ್ಲ.”

“ನಾಟಕ ಅದು, ಬಾಯಾರ. ಇತಿಹಾಸದಾಗ ಹಂಗ ಆಗ್ತಿತ್ತು.”

“ಇತಿಹಾಸಕ್ಕ ಕೊರಳಾಗ ತಾಳಿ ಇಲ್ರಿ. ನನಗೈತಿ.”

ಮಾಸ್ತರರು ಪೆನ್ನು ತೆಗೆದರು. ಅಮೀರ ಬದುಕಿದ್ದಾಗಲೇ ದೊಡ್ಡ ಮನಸ್ಸು ಮಾಡಿ ಗುಲಾಮನನ್ನು ಬಿಡುವಂತೆ ತಿದ್ದಿ ಬರೆದರು. ಸಾಯುವುದು ತಪ್ಪಿತೆಂದು ಗುರಲಿಂಗಪ್ಪನಿಗೂ ಖುಷಿಯಾಯಿತು. ಆ ಖುಷಿ ಮೂರನೇ ಅಂಕದ ತಾಲೀಮಿನವರೆಗೆ ಮಾತ್ರ ಉಳಿಯಿತು. ಅಲ್ಲಿ ಗುಲಾಮ ವಜೀರನಾಗುತ್ತಾನೆ, ಜರಿ ಅಂಗಿ ತೊಡುತ್ತಾನೆ, ಕೋತವಾಲನಿಂದ ಹಿಡಿದು ಎಲ್ಲರೂ ಬಗ್ಗಿ ಸಲಾಮು ಹೊಡೆಯುತ್ತಾರೆ. ಚಪ್ಪಲಿ ನೋಡಿಕೊಂಡು ಕೂತಿದ್ದ ಗಂಡಸರೆಲ್ಲ ಈಗ ಕೈಕೈ ಹಿಸುಕಿಕೊಂಡರು. ಪಾತ್ರ ಅದಲುಬದಲು ಮಾಡೋಣವೇ ಎಂದು ಗುರಲಿಂಗಪ್ಪ ಕೇಳಿಯೂ ಕೇಳಿದ. ಗುಲಾಮನ ಅಂಗಿ ನಿಮ್ಮ ಹೊಟ್ಟೆಗೆ ಬರುವುದಿಲ್ಲ ಎಂದುಬಿಟ್ಟರು ಮಾಸ್ತರರು.

ಭಾನುವಾರ ಸಂಜೆ ಪೆಂಡಾಲು ತುಂಬಿತು. ದಾದರಿನಿಂದ ಬಾಡಿಗೆಗೆ ತಂದ ಗಡ್ಡವನ್ನು ಗುರಲಿಂಗಪ್ಪ ಕನ್ನಡಿ ಹಿಡಿದು ನೇವರಿಸಿಕೊಳ್ಳುತ್ತಿದ್ದಾಗ ರಾಧಿಕಾ ಬಂದಳು. ಮುಬಾರಕ ಪರದೆಯ ಸಂದಿಯಿಂದ ನೋಡಿದ. ಅವಳು ನಗುನಗುತ್ತ ಅವನ ಕಾಕಾಗೇ ಕೈ ಮುಗಿದು ಹೇಳುತ್ತಿದ್ದಳು: “ನೀವೇ ಅಲ್ವಾ ಮುಬಾರಕ್ ಭಾಯ್‌ನ ಸೇಠ್? ಪ್ಲೀಸ್, ಅವ್ರನ್ನ ನಮ್ಮ ಬಿಲ್ಡಿಂಗ್‌ಗೆ ಬಿಟ್ಟು ಕೊಡಿ. ಎರಡು ವಾರದಿಂದ ಸೋಚ್ಕೇ ಹೇಳ್ತೇನೆ, ಸೋಚ್ಕೇ ಹೇಳ್ತೇನೆ ಅಂತಾರೆ.”

ಗುರಲಿಂಗಪ್ಪ ಗಡ್ಡವನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಂಡು ಗಾದಿಯ ಕಡೆ ನಡೆದ. ಮುಬಾರಕ ಹಿಂದೆಯೇ ಓಡಿ “ಕಾಕಾ...” ಅನ್ನುವಷ್ಟರಲ್ಲಿ ಹಾರ್ಮೋನಿಯಂ ಶುರುವಾಯಿತು.

ಮೊದಲ ಅಂಕ ಭರ್ಜರಿಯಾಗಿ ನಡೆಯಿತು. ಬಂದರಿನ ಸಂತೆಯಲ್ಲಿ ಯಾಕೂತನ ಹಲ್ಲು ನೋಡಿದರು, ತೋಳು ಹಿಚುಕಿದರು, ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆದರು. ಅದಾದ ಮೇಲೆ ಎರಡನೇ ಅಂಕದ ಕೊನೆ. ಯಾಕೂತ ಅಮೀರನ ಜೀವ ಉಳಿಸಿ ಬಂದು ಮಂಡಿಯೂರಿದ್ದಾನೆ. ಅಮೀರ ಗಾದಿಯಿಂದ ಕೈ ಚಾಚಿ, ‘ಯಾಕೂತ, ಇಂದಿನಿಂದ ನೀನು ಸ್ವತಂತ್ರ’ ಎನ್ನಬೇಕು.

“ಯಾಕೂತ, ಇಂದಿನಿಂದ ನೀನು...” ಎಂದ ಗುರಲಿಂಗಪ್ಪ. ಅಲ್ಲಿಗೆ ನಿಂತ.

“ಸ್ವತಂತ್ರ,” ಎಂದು ಪರದೆಯ ಹಿಂದಿನಿಂದ ಮಾಸ್ತರರು ಪಿಸುಗುಟ್ಟಿದರು. ಮತ್ತೊಮ್ಮೆ, ಪೆಂಡಾಲಿಗೆಲ್ಲ ಕೇಳುವಂತೆ, “ಸ್ವತಂತ್ರ!”

“ಕೇಳಸ್ತದ್ರಿ ಮಾಸ್ತರ್ರ, ಕಿವುಡಲ್ಲ ನಾ.” ಜನ ಗೊಳ್ಳೆಂದರು. ಗುರಲಿಂಗಪ್ಪ ನಗಲಿಲ್ಲ. “ಇಂದಿನಿಂದ ನೀನು ಇಲ್ಲೇ ಇರು. ಬಿಡಂಗಿಲ್ಲ ನಾ. ಇಂಡಿ ರೋಡ್ ಸ್ಟೇಷನ್‌ನಾಗ ಕೈ ಹಿಡದು ರೈಲ್ ಹತ್ತಿಸ್ಕೊಂಡು ಬಂದೀನಿ. ನಾ ಉಂಡದ್ದ ಉಣಸೀನಿ. ಎರಡು ವಾರದಿಂದ ಬ್ಯಾರೆಯವರ ಮುಂದ ಮಾತಾಡ್ತಿ, ನನಗ ಹೇಳೂದಿಲ್ಲೇನು?”

ಬಿಜಾಪುರದ ಅಮೀರನಿಗೆ ರೈಲು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಮುಬಾರಕನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಆದರೆ ಮಂಡಿಯೂರಿದ ಆ ಜಾಗದಲ್ಲಿ, ಇಷ್ಟು ಜನರ ಎದುರು, ಜಾರಿಕೊಳ್ಳಲು ಯಾವ ನಲ್ಲಿಯೂ ಇರಲಿಲ್ಲ. ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ವಾಕ್ಯ ತಾನಾಗಿಯೇ ಹೊರಬಂತು.

“ನಿಮ್ಮನ್ನ ಬಿಟ್ಟು ಹೋಗಂಗಿಲ್ರಿ ಕಾಕಾ. ನೀವು ಕಲಿಸಿದ್ದ ಕೆಲಸಾನ ಮಾಡ್ತೀನಿ. ಆದ್ರ ಒಂದ್ ಸಲ ನನ್ನ ಹೆಸರಲೆ ಮಾಡಬೇಕಂತ ಆಶಾ ಐತ್ರಿ. ಹೆದರಿಕಿ ಆಗಿ ಹೇಳಲಿಲ್ಲ.”

ಗುರಲಿಂಗಪ್ಪ ಮುಖ ಆಚೆ ತಿರುಗಿಸಿ, ಆಟಿಕೆ ಕೇಳಿದರೆ ಮಕ್ಕಳು ಹೇಳುವ ಹಾಗೆ, “ಬಿಡಂಗಿಲ್ಲ,” ಎಂದ.

ಪರದೆಯ ಮರೆಯಲ್ಲಿ ಕಸ್ತೂರಿಬಾಯಿ ನಿಂತಿದ್ದಳು. ಮಂಡಿಯೂರಿದಲ್ಲಿಂದ ಮುಬಾರಕನಿಗೆ ಮಾತ್ರ ಅವಳು ಕಾಣುತ್ತಿದ್ದಳು. ಅವಳು ಕೊರಳಿನ ತಾಳಿಯನ್ನು ಕೈಯಲ್ಲಿ ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು, ಕುಪ್ಪಸದೊಳಗೆ ಭದ್ರವಾಗಿ ಇಳಿಬಿಟ್ಟಳು, ತಲೆಯ ಮೇಲೆ ಸೆರಗೆಳೆದುಕೊಂಡಳು. ಆಮೇಲೆ ಎದೆ ಬಡಿದುಕೊಳ್ಳುತ್ತ ರಂಗದ ಮೇಲೆ ನುಗ್ಗಿದಳು.

“ಅಯ್ಯೋ ನನ್ನ ರಾಜಾ! ಅಮೀರ ಸಾಹೇಬ್ರು ನಮ್ಮನ್ನ ಬಿಟ್ಟು ಹ್ವಾದ್ರಲ್ರೋ!”

ಗುರಲಿಂಗಪ್ಪ ಗಾದಿಯ ಮೇಲೆ ಬೆಚ್ಚಿಬಿದ್ದ. “ಏ, ಇಲ್ಲೇ ಅದೀನಲ್ಲ!”

ಕಸ್ತೂರಿಬಾಯಿ ಸಭೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. “ಕೂತಲ್ಲೇ ಜೀವ ಹೋಗೇತಿ. ಪಾಪ, ಅವರಿಗೇ ಇನ್ನೂ ಗೊತ್ತಾಗಿಲ್ಲ.”

ನಗುವಿಗೆ ಪೆಂಡಾಲಿನ ಕಂಬಗಳೇ ಅಲ್ಲಾಡಿದವು. ಮುಂದಿನ ಸಾಲಿನ ಮುದುಕಿಯರು ಮಾತ್ರ “ಶಿವಶಿವಾ” ಎಂದು ಕೆನ್ನೆ ಬಡಿದುಕೊಂಡರು. ಮುತ್ತೈದೆಯೊಬ್ಬಳು ಗಂಡನ ಎದುರೇ ಆಡಿದ ಮಾತು ಎಂಥದೆಂದು ಅವರಿಗೆ ಗೊತ್ತಿತ್ತು. ಅದು ಗುರಲಿಂಗಪ್ಪನಿಗೂ ಗೊತ್ತಿತ್ತು. ಅವನು ಬಾಯಿ ತೆರೆದುಕೊಂಡು ಹೆಂಡತಿಯನ್ನೇ ನೋಡಿದ. ಅವಳು ಬಗ್ಗಿ ಅವನ ಮುಖಕ್ಕೆ ಸೆರಗಿನಿಂದ ಗಾಳಿ ಹಾಕುತ್ತ ಹಲ್ಲು ಕಚ್ಚಿ ಹೇಳಿದಳು: “ನಿಮ್ಮ ಸಲುವಾಗಿ ಅನ್ನಬಾರದ್ದು ಅಂದೀನಿ. ಈಗರ ಸುಮ್ನ ಸಾಯ್ರಿ. ಇಲ್ಲಂದ್ರ ನಾಳಿಂದ ರೊಟ್ಟಿ ಬಂದ್.”

ಗುರಲಿಂಗಪ್ಪ ಒಮ್ಮೆ ಮುಬಾರಕನನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟು, ಎದೆಯ ಮೇಲೆ ಕೈಯಿಟ್ಟು, ಗಾದಿಯಿಂದ ಜಮಖಾನದ ಮೇಲೆ ಮೆಲ್ಲಗೆ ಉರುಳಿದ. ಆ ಸಂಜೆಯ ಅತಿ ಜೋರು ಚಪ್ಪಾಳೆ ಅದಕ್ಕೇ ಬಿತ್ತು. ಸತ್ತವನು ಅದನ್ನು ಕೇಳಲು ತಲೆಯನ್ನು ತುಸು ಎತ್ತಿದ್ದೂ ಉಂಟು.

ಕಸ್ತೂರಿಬಾಯಿ ಮುಬಾರಕನ ತಲೆಯ ಮೇಲೆ ಕೈ ಇಟ್ಟಳು. “ಯಾಕೂತ, ಯಜಮಾನರ ಆತ್ಮಕ್ಕ ಪುಣ್ಯ ಬರ್ಲಿ ಅಂತ ನಾ ನಿನ್ನ ಬಿಟ್ಟೀನಿ. ಇವತ್ತಿಂದ ನೀ ಯಾರ ಆಳೂ ಅಲ್ಲ. ಹೋಗು, ನಿನ್ನ ಹೆಸರು ದೊಡ್ಡದಾಗ್ಲಿ.” ಇಲ್ಲಿಯವರೆಗೆ ಅವಳ ದನಿ ಬೇಗಮಳದಾಗಿತ್ತು. “ಹಬ್ಬಕ್ಕ ಊಟಕ್ಕ ಬರೂದು ಮಾತ್ರ ಬಿಡಬ್ಯಾಡೋ,” ಎನ್ನುವಾಗ ಒಡೆದುಹೋಯಿತು.

ಮಾಸ್ತರರಿಗೆ ತಾವು ಮೊದಲು ಬರೆದ ನಾಟಕ ಮರಳಿ ಸಿಕ್ಕ ಹಿಗ್ಗು. “ಶಾಲು! ಶಾಲು ಹೊಚ್ಚೋ!” ಎಂದು ಪರದೆಯ ಹಿಂದಿನಿಂದ ಕೂಗುತ್ತಿದ್ದರು. ಮುಬಾರಕ ಗಾದಿಯ ಮೇಲಿನ ಶಾಲು ತೆಗೆದುಕೊಂಡು ಕಾಕಾನ ಪಕ್ಕ ಬಗ್ಗಿದ. ಗುರಲಿಂಗಪ್ಪ ಕಣ್ಣು ಮುಚ್ಚಿದ್ದ. ಅರ್ಧ ಕಿತ್ತುಬಂದ ಗಡ್ಡದ ಕೆಳಗೆ ತುಟಿಗಳು ಅಲ್ಲಾಡಿದವು.

“ಪಾರ್ಲ್ಯಾದ ಆ ಬಿಲ್ಡಿಂಗ್ ಹಳೇದೈತಿ. ಮೊದಲ ವಾಟರ್‌ಪ್ರೂಫಿಂಗ್ ಮಾಡ್ಸು, ಆಮ್ಯಾಲ ಲಾದಿ ಹಚ್ಚು.”

“ಹೂನ್ರಿ ಕಾಕಾ.”

“ನಿನ್ನ ಕಟರ್ ಮೊಂಡಾಗೇತಿ. ನಂದು ಒಯ್ಯಿ.”

ಮುಬಾರಕನ ಕಣ್ಣೀರು ದಳದಳ ಇಳಿದು ಅಮೀರನ ಜರಿ ಅಂಗಿಯ ಮೇಲೆ ಬಿತ್ತು. ಏನು ನಟನೆ ಎಂದು ಪೆಂಡಾಲು ಮತ್ತೆ ಚಪ್ಪಾಳೆ ತಟ್ಟಿತು. ಅವನು ಕಾಲಿನಿಂದ ಎದೆಯವರೆಗೆ ಶಾಲು ಹೊದಿಸಿ, ಎದೆಯ ಹತ್ತಿರ ಕೈ ತಡೆದ. ಬದುಕಿದ್ದವರ ಮುಖ ಮುಚ್ಚಲು ಅವನಿಗೆ ಮನಸ್ಸು ಬರಲಿಲ್ಲ.

“ಮಾರಿ ಮ್ಯಾಲೂ ಹೊಚ್ಚೋ ಲಗೂನ,” ಎಂದ ಗುರಲಿಂಗಪ್ಪ. ಮುಚ್ಚಿದ ಅವನ ಕಣ್ಣುಗಳ ಅಂಚಿನಲ್ಲಿ ನೀರಿತ್ತು. “ಸತ್ತವ ಅಳಾಕತ್ತಾನ ಅಂತ ಮಂದಿ ನಗತಾರ.”