ಏಳೂವರೆಯ ಪ್ರಾರ್ಥನೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಕ್ರೈಸ್ತರು ನೆರೆಯವರೊಡನೆ ಜಗಳಾಡಬಾರದು ಎಂದು ನಾನು ಬೇರೆ ದಾರಿ ಹಿಡಿದಿದ್ದೆ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕನ್ನಡದವರು ಎರಡೇ ಮನೆ. ಕೆಳಗೆ ನಾವು, ಮೇಲೆ ಉಡುಪಿಯ ಶ್ರೀಮತಿಯಕ್ಕ ಮತ್ತು ಅವರ ಗಂಡ ಹಯಗ್ರೀವ ರಾಯರು. ಹನ್ನೆರಡು ವರ್ಷದ ಸ್ನೇಹ. ಅವರ ಬಾತ್‌ರೂಮಿನಿಂದ ನಮ್ಮ ಬಾತ್‌ರೂಮಿಗೆ ನೀರು ಸೋರತೊಡಗಿ ಮೂರು ತಿಂಗಳಾಗಿತ್ತು. ಎರಡು ಸಲ ಹೇಳಿದೆ. “ಮಾಡಿಸ್ತೇವೆ” ಅಂದರು, ಮಾಡಿಸಲಿಲ್ಲ. ನಾನು ಮಾತು ಬಿಟ್ಟೆ.

ಸಂಜೆ ಏಳೂವರೆಗೆ ಅಡುಗೆಮನೆಯ ಮೇಜಿನ ಬಳಿ ನಮ್ಮ ಮನೆಪ್ರಾರ್ಥನೆ. ಒಬ್ಬೊಬ್ಬರ ಹೆಸರು ಹೇಳಿ ಬೇಡುವುದು ಅಜ್ಜಿಯ ಕಾಲದ ರೂಢಿ. “ಸ್ವಾಮೀ, ಶ್ರೀಮತಿಯಕ್ಕನಿಗೆ ಒಳ್ಳೆ ಬುದ್ಧಿ ಕೊಡು. ಪರರ ಕಷ್ಟ ಅವರ ಕಣ್ಣಿಗೆ ಬೀಳಲಿ” ಎಂದು ದಿನಾ ಬೇಡುತ್ತಿದ್ದೆ. ಕಿಟಕಿ ತೆರೆದಿಟ್ಟರೆ ನಮ್ಮ ಕುಕ್ಕರಿನ ಸೀಟಿ ಕೂಡ ಮೇಲಿನ ಮನೆಗೆ ಕೇಳುತ್ತದೆ. ಅದು ಗೊತ್ತಿದ್ದೇ ಗಟ್ಟಿಯಾಗಿ ಬೇಡುತ್ತಿದ್ದೆ.

“ಇದು ಪ್ರಾರ್ಥನೆಯಾ ಕಂಪ್ಲೇಂಟಾ ಮಾರಾಯ್ತಿ?” ಎಂದು ಒಂದು ಸಂಜೆ ನನ್ನ ಗಂಡ ಲತೀಶ್ ಕೇಳಿದರು. ನೀವು ಆಮೆನ್ ಹೇಳಿದರೆ ಸಾಕು ಎಂದೆ.

ಮರುದಿನ ಬೆಳಿಗ್ಗೆ ಶ್ರೀಮತಿಯಕ್ಕ ಬಾಗಿಲಲ್ಲಿ ನಿಂತಿದ್ದರು.

“ಜಯಲತಾ, ನಿಮ್ಮ ದೇವರಿಗೆ ಇದನ್ನೂ ಹೇಳಿ. ಇವರಿಗೆ ಸೊಂಟದ ಆಪರೇಷನ್ ಆಗಿ ಎರಡೂವರೆ ತಿಂಗಳು. ಬಾತ್‌ರೂಮ್ ಒಡೆದರೆ ಎಂಟು ದಿನ ಇವರನ್ನು ಎಲ್ಲಿಗೆ ಕರ್ಕೊಂಡು ಹೋಗ್ಲಿ?”

ಅಷ್ಟು ಹೇಳಿ ಮೆಟ್ಟಿಲು ಹತ್ತಿದರು. ಆಪರೇಷನ್ ಆದದ್ದು ನನಗೆ ಗೊತ್ತಿತ್ತು. ಸಿಟ್ಟಿನಲ್ಲಿ ನೋಡಲು ಹೋಗಿರಲಿಲ್ಲ.

ಅಂದು ಏಳೂವರೆಗೆ ಅವರ ಹೆಸರೆತ್ತಿ ಬೇಡಲು ನಾಚಿಕೆಯಾಗಿತ್ತು. ಕಣ್ಣು ಮುಚ್ಚಿ ಸುಮ್ಮನೆ ಕುಳಿತೆ. ಮೂರು ತಿಂಗಳಲ್ಲಿ ಒಂದು ದಿನವೂ ದೇವರಿಗೆ ಮಾತಾಡಲು ಬಿಟ್ಟವಳಲ್ಲ ನಾನು. ಬಾತ್‌ರೂಮಿನ ಬಕೆಟ್ಟಿಗೆ ಹನಿ ಬೀಳುವುದು ಕೇಳುತ್ತಿತ್ತು. ಸೋರಿದರೂ ನಮ್ಮ ಬಾತ್‌ರೂಮ್ ಬಳಕೆಯಲ್ಲಿದೆಯಲ್ಲ ಎಂದು ಆಗ ಹೊಳೆಯಿತು.

ಎದ್ದು ಮೇಲೆ ಹೋದೆ. ಬಾಗಿಲು ಅರ್ಧ ತೆರೆಯಿತು.

“ಕೆಲಸ ಮುಗಿಯುವವರೆಗೆ ನೀವಿಬ್ಬರೂ ನಮ್ಮಲ್ಲಿಗೆ ಬನ್ನಿ ಅಕ್ಕ. ಲಿಫ್ಟ್ ಉಂಟು, ರಾಯರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುವ.”

“ನಿಮ್ಮಲ್ಲಿ ಮೀನು...”

“ತರುವುದಿಲ್ಲ. ಅಡುಗೆಮನೆ ನಿಮಗೇ ಬಿಡ್ತೇನೆ.” ಮೀನಿಲ್ಲದೆ ಊಟ ಸೇರದ ಲತೀಶರನ್ನು ನಾನು ಕೇಳಿಯೇ ಇರಲಿಲ್ಲ.

ಶ್ರೀಮತಿಯಕ್ಕನಿಗೆ ಅನುಮಾನ ಹೋಗಲಿಲ್ಲ. “ನಾಳೆ ಇದನ್ನೂ ಗಟ್ಟಿಯಾಗಿ ದೇವರಿಗೆ ಹೇಳ್ತೀರಾ?”

“ಇಲ್ಲ. ತಪ್ಪಾಯ್ತು ಅಕ್ಕ. ನಿಮ್ಮ ಹತ್ತಿರವೇ ಹೇಳ್ಲಿಕ್ಕೆ ಬಂದದ್ದು.”

ಒಳಗಿನಿಂದ ರಾಯರು “ಯಾರದು?” ಎಂದು ಕೇಳಿದರು.

“ಜಯಲತಾ,” ಎಂದು ಶ್ರೀಮತಿಯಕ್ಕ ಬಾಗಿಲು ಪೂರ್ತಿ ತೆರೆದರು. “ನಿಮ್ಮನ್ನು ನೋಡ್ಲಿಕ್ಕೆ ಬಂದಿದ್ದಾರೆ.”