ಮೂವತ್ತೆಂಟೂವರೆ

"ಬಂದಿರೋ ಸಮಸ್ತರ ಗಮನಕ್ಕೆ!" ಸಾವಿನ ಮನೆಯ ಮೆಟ್ಟಿಲ ಮೇಲೆ ಸತ್ತವನ ಭಾವಮೈದ ನಿಂತು, ಗಂಟಲು ಸರಿಮಾಡಿಕೊಂಡು, ಎರಡೂ ಕೈ ಎತ್ತಿ ಘೋಷಿಸಿದ. "ಎಡಗಡೆಯಿಂದ ನಾಲ್ಕನೇ ಕುರ್ಚಿಯ ಕಾಲು ಸಡಿಲವಾಗಿದೆ. ಯಾರೂ ಕೂರಬಾರದು. ಈಗಾಗಲೇ ಕೂತವರು ನಿಧಾನವಾಗಿ ಏಳತಕ್ಕದ್ದು."

ಕೂತಿದ್ದವನು ಕನ್ನಡಕದ ಅಂಗಡಿಯವನು. ನಿಧಾನವಾಗಿಯೇ ಎದ್ದ. ಹಾಗೇ ಗೇಟು ದಾಟಿಬಿಡೋಣ ಅಂತ ಕಾಲು ಆ ಕಡೆ ತಿರುಗಿತ್ತು ಕೂಡ. ಅಷ್ಟರಲ್ಲಿ ಸತ್ತವನ ಹೆಂಡತಿ ಬಾಗಿಲಿಗೆ ಬಂದಳು.

"ಅಣ್ಣಾ, ಕಣ್ಣು ತಗೊಳ್ಳೋಕೆ ಐ ಬ್ಯಾಂಕಿನವರು ಬಂದ್ರು. ಸಾಕ್ಷಿ ಸಹಿ ನೀವೇ ಹಾಕ್ಬೇಕು."

ನಡುಮನೆಯಲ್ಲಿ ಅವನ ಗೆಳೆಯನನ್ನು ಮಲಗಿಸಿದ್ದರು. ಇಪ್ಪತ್ತೆಂಟು ವರ್ಷ ಕಣ್ಣಾಸ್ಪತ್ರೆಯಲ್ಲಿ ಕೆರಾಟೋಮೀಟರಿನ ಹಿಂದೆ ಕೂತು ಊರವರ ಕಣ್ಣುಗುಡ್ಡೆಯ ಬಾಗು ಅಳೆದವನು. ಗದ್ದ ಇಲ್ಲಿಡಿ, ಹಣೆ ಅಲ್ಲೊತ್ತಿ, ಮಿಟುಕಬೇಡಿ. ದಿನಕ್ಕೆ ಅರವತ್ತು ಸಲ ಅದೇ ಮಾತು. ಅವನ ಹೆಸರೇ 'ಮಿಟುಕಬೇಡಿ' ಅಂತಾಗಿಹೋಗಿತ್ತು. ಬೆಳಗ್ಗೆ ಆರಕ್ಕೆ ಬಚ್ಚಲಲ್ಲಿ ಎದೆ ಹಿಡಿದುಕೊಂಡು ಕುಸಿದ. ದಾನ ಕೊಡಬೇಕಾದರೆ ಹನ್ನೆರಡರೊಳಗೆ ಕಣ್ಣು ತೆಗೆಯಬೇಕು. ಈಗ ಹನ್ನೊಂದೂ ಇಪ್ಪತ್ತು.

"ನಮ್ಮ ತಮ್ಮನ್ನ ಹಾಗೇ ಕಳಿಸ್ರೇ," ಅಂತ ಅವನ ಅಕ್ಕ ಐದು ಗಂಟೆ ಹಟ ಹಿಡಿದಿದ್ದಳು. ಹೆಂಡತಿ ಬಿಟ್ಟಿರಲಿಲ್ಲ. "ಇನ್ನೇನೂ ಉಳಿಸ್ಕೊಳ್ಳಕ್ಕಾಗಲ್ಲ ಅಕ್ಕ. ಕಣ್ಣಾದ್ರೂ ಎಲ್ಲೋ ಒಂದು ಕಡೆ ನೋಡ್ತಿರ್ಲಿ." ಕೊನೆಗೆ ಅಕ್ಕ ಮೂಗು ಒರೆಸಿಕೊಂಡು ಹೂಂ ಅಂದಿದ್ದಳು.

"ಎಂಥ ಕಣ್ಣು ಗೊತ್ತೇನಮ್ಮಾ?" ಹೆಂಡತಿ ಐ ಬ್ಯಾಂಕಿನ ಹುಡುಗಿಗೆ ಹೇಳುತ್ತಿದ್ದಳು. "ಜನ್ಮದಲ್ಲಿ ಕನ್ನಡಕ ಕಂಡಿದ್ದಲ್ಲ. ಇವರು ಬರೋ ಮೊದ್ಲು ಇಬ್ರು ಸೋಡಾಬುಡ್ಡಿ ಗಂಡುಗಳನ್ನ ವಾಪಸ್ ಕಳಿಸಿದ್ದೆ ನಾನು."

ಅಂಗಡಿಯವನು ಮತ್ತೆ ಗೇಟಿನ ಕಡೆ ನೋಡಿದ.

*

ಆಗಿನ್ನೂ ಗೆಳೆಯನ ಮದುವೆಗೆ ಎರಡು ತಿಂಗಳಿತ್ತು. ಆಸ್ಪತ್ರೆ ಖಾಲಿಯಾದ ಮೇಲೆ ಗೆಳೆಯ ಯಂತ್ರದ ಆಚೆ ಕಡೆ, ರೋಗಿಯ ಸ್ಟೂಲಿನ ಮೇಲೆ ಕೂತು ಗದ್ದ ಇಟ್ಟ.

"ತಿರುಗಿಸೋ. ಉಂಗುರಗಳು ಒಂದಕ್ಕೊಂದು ಕೂಡಿದ ಮೇಲೆ ಓದು."

ಅಂಗಡಿಯವನು ಗುಂಡಿ ತಿರುಗಿಸಿ ಓದಿದ. "ಮೂವತ್ತೆಂಟೂವರೆ. ಥೂ, ಎಲ್ಲರ ಕಣ್ಣಿನ ಬಾಗೂ ನಲವತ್ಮೂರು, ನಲವತ್ನಾಲ್ಕು ಬರತ್ತೆ. ಗುಡ್ಡ ಕಡಿದು ಮೈದಾನ ಮಾಡಿದ್ದಾರಲ್ಲೋ!"

"ಲೇಸರ್ ಅಂದ್ರೆ ಅದೇ. ಮೈನಸ್ ಐದೂವರೆ ಪವರ್ ಹತ್ತು ನಿಮಿಷದಲ್ಲಿ ಮಾಯ."

"ಒಬ್ಬ ಒಳ್ಳೇ ಗಿರಾಕಿ ಹೋದ ನಂಗೆ. ಹುಡುಗಿಗೆ ಯಾವಾಗ ಹೇಳ್ತೀಯ?"

"ಮದ್ವೆ ಆದ್ಮೇಲೆ."

ಆಮೇಲೆ ಮಗು ಆದ್ಮೇಲೆ ಅಂದ. ಮಗಳು ದೊಡ್ಡವಳಾದ್ಮೇಲೆ ಅಂದ. ಕೊನೆಗೆ, "ನಾನು ಸಾಯೋವರ್ಗೂ ಬಾಯಿ ಬಿಡ್ಬೇಡ ಮಾರಾಯ" ಅಂದ.

*

ಐ ಬ್ಯಾಂಕಿನ ಹುಡುಗಿ ಹಾಳೆ ಹಿಡಿದು ಒಂದೊಂದೇ ಪ್ರಶ್ನೆ ಓದಿದಳು. ಕಾಮಾಲೆ? ಇಲ್ಲ. ಕ್ಯಾನ್ಸರ್? ಇಲ್ಲ.

"ಕಣ್ಣಿಗೆ ಯಾವುದಾದ್ರೂ ಆಪರೇಷನ್? ಲೇಸರ್?"

"ಛೆ! ಇಲ್ಲಮ್ಮ," ಅಂದಳು ಹೆಂಡತಿ. ಪೆನ್ನು ಗೀಚಿತು.

"ಸಾಕ್ಷಿ ಸಹಿ ಇಲ್ಲಿ, ಸರ್."

ಅಂಗಡಿಯವನು ಪೆನ್ನು ತೆಗೆದುಕೊಂಡ. ಅಕ್ಕ ನೋಡುತ್ತಿದ್ದಳು, ಬೆಳಗಿನಿಂದ ಗುದ್ದಾಡಿ ಗೆದ್ದ ಹೆಂಡತಿ ನೋಡುತ್ತಿದ್ದಳು. ಸಹಿ ಹಾಕಿದರೆ ಇಬ್ಬರ ಮನಸ್ಸೂ ತಣ್ಣಗಿರುತ್ತದೆ. ಆದರೆ ನಾಳೆ ಯಾರೋ ಗುರುತಿಲ್ಲದವರ ಕಣ್ಣಿಗೆ ಆ ಕಡಿದ ಗುಡ್ಡ ಕೂತು ನೋಟ ಕೆಡಿಸುತ್ತದೆ.

"ಹಾಕೋ ಮಾರಾಯ, ಟೈಮಾಯ್ತು," ಅಂದ ಭಾವಮೈದ.

"ಆಗಿತ್ತು."

"ಏನು?"

"ಲೇಸರ್. ಎರಡೂ ಕಣ್ಣಿಗೆ. ನಾನೇ ಜೊತೆಗೆ ಹೋಗಿದ್ದೆ."

ಗೋಡೆಗೊರಗಿದ್ದವರೆಲ್ಲ ನೆಟ್ಟಗಾದರು.

"ಏನ್ ಬೊಗಳ್ತೀರಿ ಅಣ್ಣಾ?" ಹೆಂಡತಿಯ ದನಿ ಸಣ್ಣಗಾಯಿತು. "ಯಾವಾಗ?"

"ನಿಮ್ಮ ಮದ್ವೆಗೆ ಮೊದ್ಲು."

ಹುಡುಗಿ ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು, "ಸಾರಿ ಅಮ್ಮ. ಹಾಗಿದ್ರೆ ನಮ್ಮ ಬ್ಯಾಂಕ್ ತಗೊಳ್ಳಲ್ಲ. ರೂಲ್ಸು." 'ಇಲ್ಲ' ಹೊಡೆದು ಹಾಕಿ 'ಹೌದು' ಗುರುತು ಮಾಡಿದಳು. ಐಸ್ ಡಬ್ಬಿಯ ಮುಚ್ಚಳ ಟಪ್ಪಂತ ಕೂತಿತು.

ಹೆಂಡತಿ ಅಳಲಿಲ್ಲ. ಗಂಡನ ತಲೆಯ ಹತ್ತಿರ ಮಂಡಿಯೂರಿ, ಹೆಬ್ಬೆರಳಿಂದ ಅವನ ಬಲಗಣ್ಣಿನ ರೆಪ್ಪೆ ಮೆಲ್ಲಗೆ ಮೇಲೆತ್ತಿದಳು. ಮೂಗಿಗೆ ಮೂಗು ತಾಗುವಷ್ಟು ಬಗ್ಗಿದಳು.

"ಯಾರಾದ್ರೂ ಆ ಲೈಟು ಹಾಕಿ," ಅಂದಳು.